ಕಡ್ಡಿ ಬಿಡಿ, ಅಕ್ಷರ ನೋಡಿ

ಕಾಸರಗೋಡು ಜಿಲ್ಲೆಯ ಬಾಯಾರಿನಲ್ಲಿ ನಮ್ಮ ಮನೆ ಗುಡ್ಡದ ಬುಡದಲ್ಲಿದೆ, ಸುತ್ತ ಅಡಿಕೆ ತೋಟ. ಮೊನ್ನೆ ಭಾವ ಫೋನ್ ಹಿಡಿದುಕೊಂಡು ಬಂದರು. "ಕಡ್ಡಿ ನಾಲ್ಕೂ ಉಂಟು ಮಾರಾಯ, ಮೊಮ್ಮಗಳ ವೀಡಿಯೋ ಮಾತ್ರ ಸುಮ್ನೆ ತಿರುಗ್ತಾ ಉಂಟು!"

ಉಪ್ಪಳದಲ್ಲಿ ರೀಚಾರ್ಜ್ ಅಂಗಡಿ ಇಟ್ಟಿದ್ದ ಕಾಲದಲ್ಲೂ ದಿನಾ ಇದೇ ದೂರು. ಕಡ್ಡಿ ಹೇಳುವುದು ಸಿಗ್ನಲ್ ಎಷ್ಟು ಜೋರಿದೆ ಅಂತ ಮಾತ್ರ. ನೆಟ್ ಯಾವ ಕಾಲದ್ದು ಅಂತ ಪಕ್ಕದ ಅಕ್ಷರ ಹೇಳುತ್ತದೆ. ಭಾವನ ಫೋನಿನಲ್ಲಿದ್ದದ್ದು ಇಂಗ್ಲಿಷಿನ 'ಇ'. ಅಂದರೆ ಎಡ್ಜ್, 2ಜಿ. ಲೆಕ್ಕದಲ್ಲಿ ಸೆಕೆಂಡಿಗೆ 384 ಕಿಲೋಬಿಟ್, ಅದರ ಅರ್ಧ ಸಿಕ್ಕಿದರೆ ಪುಣ್ಯ. ವಾಟ್ಸಾಪ್ ಮೆಸೇಜ್ ಹೋಗುತ್ತದೆ. ತಾಳ್ಮೆ ಇದ್ದರೆ ಯುಪಿಐಯೂ ಆದೀತು. ವೀಡಿಯೋದ ಆಸೆ ಬಿಡಿ. 'ಜಿ' ಇದಕ್ಕಿಂತಲೂ ನಿಧಾನ. 'ಎಚ್', 'ಎಚ್ ಪ್ಲಸ್' 3ಜಿಯವು, ಈಗ ಅಪರೂಪ. 4ಜಿ, ಎಲ್‌ಟಿಇ ಎರಡೂ ಒಂದೇ.

'ಇ' ಕಂಡರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಫೋನ್ ಹೊಸದಾಗಿ ಟವರ್ ಹುಡುಕುತ್ತದೆ. ಆಮೇಲೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಆನ್ ಇದೆಯಾ ನೋಡಿ. ಭಾವನದ್ದು ಆಫ್! ಹಾಗಿದ್ದರೆ ಕರೆ ಬಂದ ಕೂಡಲೇ ಫೋನ್ 4ಜಿಯಿಂದ ಕೆಳಗಿಳಿಯುತ್ತದೆ. ಕೆಲವೊಮ್ಮೆ ಕರೆ ಮುಗಿದರೂ ಅಲ್ಲೇ ಕೂತುಬಿಡುತ್ತದೆ. ಜಿಯೋ ಸಿಮ್‌ನವರಿಗೆ ಈ 'ಇ' ಕಾಟ ಇಲ್ಲ. 2016ರಲ್ಲಿ ಶುರುವಾದದ್ದೇ 4ಜಿಯಲ್ಲಿ, ಅವರಿಗೆ 2ಜಿ ಇಲ್ಲವೇ ಇಲ್ಲ.

2022ರ ಅಕ್ಟೋಬರ್‌ನಲ್ಲಿ ಬಂದ 5ಜಿಯ ಕಥೆ ಬೇರೆ. ಅದಕ್ಕೆ ಜಾಸ್ತಿ ಬಳಸುವ 3,500 ಮೆಗಾಹರ್ಟ್ಸ್ ಸುತ್ತಿನ ಅಲೆ ದಪ್ಪ ಗೋಡೆ ದಾಟಲು ಒದ್ದಾಡುತ್ತದೆ. ನಮ್ಮದು ಮುರಕಲ್ಲಿನ ಮನೆ ಅಲ್ವಾ! ಅಂಗಳದಲ್ಲಿ ಅಡಿಕೆ ಹರಗುವಾಗ 5ಜಿ, ಚಾವಡಿಗೆ ಬಂದರೆ 4ಜಿ, ಮತ್ತೆ 5ಜಿ. ಹೀಗೆ ಹಾರುತ್ತಾ ಬ್ಯಾಟರಿ ತಿಂದು ಹಾಕುತ್ತದೆ. ನಾನಂತೂ ಮನೆಯಲ್ಲಿ 'ಪ್ರಿಫರ್ಡ್ ನೆಟ್‌ವರ್ಕ್' ಅನ್ನುವಲ್ಲಿ 4ಜಿಗೇ ನಿಲ್ಲಿಸುತ್ತೇನೆ, ಪೇಟೆಗೆ ಹೋದಾಗ 5ಜಿ.

ಇನ್ನೊಂದು ನಮ್ಮ ಗಡಿಯ ತಾಪತ್ರಯ. ಕನ್ಯಾನದ ಕಡೆ ಗುಡ್ಡ ಹತ್ತಿದರೆ ಕೇರಳದ ಸಿಮ್ ಕರ್ನಾಟಕದ ಟವರ್ ಹಿಡಿಯುತ್ತದೆ. ಕೆಲವು ಫೋನಿನಲ್ಲಿ 'ಆರ್' (ರೋಮಿಂಗ್, ಅಂದರೆ ಹೊರಗಿನ ಟವರ್) ಕಾಣುತ್ತದೆ, ನೆಟ್ ನಿಲ್ಲುತ್ತದೆ. ಕರೆ ಮಾತ್ರ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ರೋಮಿಂಗ್' ಆನ್ ಮಾಡಿ. ಈಗಿನ ಪ್ಯಾಕ್‌ಗಳಲ್ಲಿ ದೇಶದೊಳಗಿನ ರೋಮಿಂಗ್ ಸಾಮಾನ್ಯವಾಗಿ ಸೇರಿಯೇ ಇರುತ್ತದೆ, ಹೆದರಬೇಡಿ. ಗಲ್ಫಿಗೆ ಹೊರಟವರು ಮಾತ್ರ ವಿಮಾನ ಹತ್ತುವ ಮೊದಲು ಅದನ್ನು ನೆನಪಿನಲ್ಲಿ ಆಫ್ ಮಾಡಿ.