ಆನೆಕಾಲು: ಬಾವು ಏರದಂತೆ ಕಾಲಿನ ಆರೈಕೆ

ಕಲಬುರಗಿ, ಬೀದರ್, ರಾಯಚೂರು ಕಡೆ ಆನೆಕಾಲಿಗೆ ಮೂಲ ಸೊಳ್ಳೆಯಿಂದ ಹರಡುವ ಫೈಲೇರಿಯಾ ಹುಳು. ಡಿಇಸಿ ಮಾತ್ರೆ ಹುಳುವಿಗೆ ಮದ್ದು. ಹಾಳಾದ ದುಗ್ಧರಸ ನಾಳಗಳನ್ನು (ಅಂಗಾಂಶದ ಹೆಚ್ಚುವರಿ ನೀರನ್ನು ಹೊತ್ತೊಯ್ಯುವ ನಾಳಗಳು) ಅದು ಸರಿಪಡಿಸದು. ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೂ ಈ ಬಾವು ಇಳಿಯದು, ಏಕೆಂದರೆ ಪ್ರೋಟೀನ್ ಅಲ್ಲೇ ಉಳಿದು ಮತ್ತೆ ನೀರು ಸೆಳೆಯುತ್ತದೆ.

ನಿಜವಾದ ಚಿಕಿತ್ಸೆ ದಿನಾ ಕಾಲು ತೊಳೆಯುವುದು. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳನುಗ್ಗಿ ಜ್ವರ ಬರುತ್ತದೆ. ಪ್ರತಿ ಜ್ವರವೂ ಬಾವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತಣ್ಣೀರು, ಸಾದಾ ಸೋಪು ಸಾಕು. ಬಿಸಿನೀರು, ಬ್ರಷ್ ಬೇಡ. ಮಡಿಕೆ, ಬೆರಳ ಸಂದಿಗಳನ್ನು ಮೆತ್ತಗೆ ಉಜ್ಜಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಹತ್ತಿಬಟ್ಟೆಯಿಂದ ಒತ್ತಿ ಒರೆಸಿ. ಸಂದಿಯಲ್ಲಿ ಒದ್ದೆ ಉಳಿಯುವುದೇ ಎಲ್ಲರೂ ಮಾಡುವ ತಪ್ಪು, ಶಿಲೀಂಧ್ರ ಬೆಳೆಯುವುದೂ ಅಲ್ಲೇ. ಬಿರುಕಿದ್ದರೆ ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಮುಲಾಮು ಹಚ್ಚಿ.

ಮಲಗುವಾಗ ಕಾಲ ಕೆಳಗೆ ದಿಂಬಿಡಿ (ಹೃದ್ರೋಗಿಗಳು ವೈದ್ಯರನ್ನು ಕೇಳಿ). ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ.

ಬಾವು ತಗ್ಗಿಸಲು ಬ್ಯಾಂಡೇಜು ಸುತ್ತುವುದನ್ನು ಮೊದಲು ತರಬೇತಾದವರಿಂದ ಕಲಿಯಿರಿ. ಬೆರಳ ಬುಡದಿಂದ ಶುರುಮಾಡಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಬಿಗಿ ಪಾದದಲ್ಲಿ ಹೆಚ್ಚು, ಮೇಲೆ ಕಡಿಮೆ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಕಾಲಿನ ರಕ್ತನಾಳ ಕಿರಿದಾದವರಿಗೆ ಇದು ಅಪಾಯ.

ಚಳಿಜ್ವರ ಬಂದು ಕಾಲು ಕೆಂಪಾಗಿ ಉರಿಯುತ್ತಿದ್ದರೆ ವ್ಯಾಯಾಮ, ಬ್ಯಾಂಡೇಜು ನಿಲ್ಲಿಸಿ, ಒದ್ದೆಬಟ್ಟೆ ಹಾಕಿ, ಅಂದೇ ಆಸ್ಪತ್ರೆಗೆ ಹೋಗಿ: ಆಂಟಿಬಯೋಟಿಕ್ ಬೇಕಾಗುತ್ತದೆ.