ಸಬ್ಬತ್ ಊಟ ಮತ್ತು ಊಟದ ನಂತರದ ಸ್ತುತಿ: ಕ್ರಮ ಹೇಗೆ?

ಯಹೂದಿ ಧರ್ಮನಿಯಮದಲ್ಲಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಮೂರು ಊಟ: ಶುಕ್ರವಾರ ರಾತ್ರಿ, ಶನಿವಾರ ಹಗಲು, ಶನಿವಾರ ಸಂಜೆ. ಮೊದಲೆರಡಕ್ಕೆ ಬ್ರೆಡ್ ಇರಲೇಬೇಕು. ಗೋಧಿ, ಜವೆಗೋಧಿ, ಓಟ್ಸ್, ರೈ, ಸ್ಪೆಲ್ಟ್ ಇವುಗಳಲ್ಲಿ ಯಾವುದರದ್ದಾದರೂ ಸರಿ. ಅಕ್ಕಿ ರೊಟ್ಟಿ ಎಷ್ಟು ತಿಂದರೂ ಲೆಕ್ಕಕ್ಕಿಲ್ಲ.

ಮೊದಲು ಕಿದ್ದುಷ್, ಎಂದರೆ ದ್ರಾಕ್ಷಾರಸದ ಲೋಟ ಹಿಡಿದು ದಿನದ ಪವಿತ್ರತೆಯನ್ನು ಸಾರುವ ಸ್ತುತಿ. ಕನಿಷ್ಠ 86 ಮಿ.ಲೀ. ಹಿಡಿಯುವ ಲೋಟಕ್ಕೆ ದ್ರಾಕ್ಷಾರಸ ತುಂಬಿ; ಕಟ್ಟುನಿಟ್ಟಿನವರ ಅಳತೆ 150 ಮಿ.ಲೀ. ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿರಲಿ. ಸ್ತುತಿಯ ಸರದಿಯಲ್ಲಿ ದ್ರಾಕ್ಷಾರಸಕ್ಕಿಂತ ಬ್ರೆಡ್ ಮುಂದು, ಅದನ್ನು ಹಿಂದಿಟ್ಟಂತೆ ಕಾಣಬಾರದೆಂದು ಈ ಮರೆ. ಶುಕ್ರವಾರ ರಾತ್ರಿ ಸೃಷ್ಟಿಯ ಏಳನೇ ದಿನದ ವಚನ, ದ್ರಾಕ್ಷಾರಸದ ಸ್ತುತಿ, ದಿನದ ಪವಿತ್ರತೆಯ ಸ್ತುತಿ, ಇದೇ ಕ್ರಮದಲ್ಲಿ. ಹೇಳಿದವರು ಆ ಅಳತೆಯ ಅರ್ಧಕ್ಕಿಂತ ಹೆಚ್ಚು ಕುಡಿಯಬೇಕು. ಕುಡಿಯುವ ತನಕ ಯಾರೂ ಮಾತಾಡುವಂತಿಲ್ಲ. ಕೊಂಕಣ ಕರಾವಳಿಯ ಬೆನೆ ಇಸ್ರೇಲಿ ಯಹೂದಿಗಳಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು ಬಳಸುವ ರೂಢಿಯಿದೆ.

ಬಳಿಕ ಕೈತೊಳೆತ. ಉಂಗುರ ತೆಗೆದು, ತಂಬಿಗೆಯಂಥ ಪಾತ್ರೆಯಿಂದ ಬಲಗೈಗೆ ಎರಡು ಸಲ, ಎಡಗೈಗೆ ಎರಡು ಸಲ ಮಣಿಕಟ್ಟಿನವರೆಗೆ ನೀರು ಹೊಯ್ಯಬೇಕು. ನಲ್ಲಿಯಡಿ ಕೈಯೊಡ್ಡಿದರೆ ಆಗದು, ಪಾತ್ರೆಯಿಂದಲೇ ಬೀಳಬೇಕು. ಸ್ತುತಿ ಹೇಳಿ, ಒರೆಸಿಕೊಂಡು, ಬ್ರೆಡ್ ಬಾಯಿಗಿಡುವವರೆಗೆ ಮೌನ. ಉಪ್ಪು ಬೇಕಾದರೆ ಕೇಳಬಹುದು, ಅದು ಊಟಕ್ಕೇ ಸಂಬಂಧಿಸಿದ ಮಾತು.

ಬ್ರೆಡ್ ಎರಡಿರಬೇಕು, ಎರಡೂ ಮುರಿಯದೆ ಇಡಿಯಾಗಿರಬೇಕು. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನಾ ಶುಕ್ರವಾರ ಇಮ್ಮಡಿ ಸಿಕ್ಕಿದ ನೆನಪಿಗೆ ಇದು (ವಿಮೋಚನಕಾಂಡ 16). ಮೊದಲೇ ಕೊಯ್ದಿಡುವುದು ಸಾಮಾನ್ಯ ತಪ್ಪು; ಚಾಕುವಿನಿಂದ ಗುರುತು ಹಾಕಿದರೆ ಸಾಕು. ಎರಡನ್ನೂ ಎತ್ತಿ ಹಿಡಿದು ಸ್ತುತಿ ಹೇಳಿ, ಒಂದನ್ನು ಕೊಯ್ದು, ಉಪ್ಪಿಗೆ ಅದ್ದಿ ತಿನ್ನಬೇಕು. ಮೊಟ್ಟೆ ಗಾತ್ರದಷ್ಟು ತಿಂದರೆ ಉತ್ತಮ. ಆಲಿವ್ ಕಾಯಿಯಷ್ಟು, ಎಂದರೆ ಹೆಚ್ಚುಕಡಿಮೆ 28 ಮಿ.ಲೀ. ಜಾಗ ಹಿಡಿಯುವಷ್ಟು, ನಾಲ್ಕು ನಿಮಿಷದೊಳಗೆ ಹೊಟ್ಟೆಗೆ ಹೋಗಲೇಬೇಕು. ಚೂರು ಮುರಿದು ಬಾಯಿಗಿಟ್ಟು, ಮಿಕ್ಕದ್ದೆಲ್ಲ ಅನ್ನ, ಮೀನಿನಲ್ಲಿ ಮುಗಿಸಿದರೆ ಊಟದ ನಂತರದ ಸ್ತುತಿಯಾದ ಬಿರ್ಕತ್ ಹಮಾಜೋನ್ ಹೇಳುವ ಹಕ್ಕೇ ಇಲ್ಲ.

‘ತಿಂದು ತೃಪ್ತನಾಗಿ ಸ್ತುತಿಸು’ ಎಂಬ ಧರ್ಮೋಪದೇಶಕಾಂಡದ (8:10) ಮಾತೇ ಬಿರ್ಕತ್ ಹಮಾಜೋನ್‌ಗೆ ಆಧಾರ. ಉಂಡ ಜಾಗದಲ್ಲೇ, ಹೊಟ್ಟೆ ತುಂಬಿದ ಭಾವ ಇಳಿಯುವ ಮೊದಲು ಹೇಳಬೇಕು. ರೂಢಿಯ ಗಡುವು 72 ನಿಮಿಷ. ಜೊತೆಗೆ ಉಂಡ ಮೂವರು ವಯಸ್ಕ ಗಂಡಸರಿದ್ದರೆ ಒಬ್ಬರು ಆಹ್ವಾನದ ಸಾಲು ಹೇಳುತ್ತಾರೆ, ಹತ್ತು ಮಂದಿಯಾದರೆ ದೇವರ ಹೆಸರೂ ಸೇರುತ್ತದೆ. ಸ್ತುತಿಗಳು ನಾಲ್ಕು: ಆಹಾರಕ್ಕೆ, ನಾಡಿಗೆ, ಯೆರೂಸಲೇಮಿಗೆ, ದೇವರ ಒಳ್ಳೆಯತನಕ್ಕೆ.

ಎಡವುವುದು ಮೂರನೆಯದರಲ್ಲಿ. ಅಲ್ಲಿ ಸಬ್ಬತ್ತಿಗೆಂದೇ ‘ರೆತ್ಸೇ’ ಎಂಬ ಭಾಗ ಸೇರಿಸಬೇಕು. ವಾರದ ದಿನಗಳ ಅಭ್ಯಾಸಬಲದಿಂದ ನಾಲಿಗೆ ಅದನ್ನು ಹಾರಿಸಿಬಿಡುತ್ತದೆ. ಮೂರನೆಯ ಸ್ತುತಿ ಮುಗಿದು ನಾಲ್ಕನೆಯದು ಶುರುವಾಗುವ ಮುನ್ನ ನೆನಪಾದರೆ, ಅದಕ್ಕೆಂದೇ ಇರುವ ಚಿಕ್ಕ ಸ್ತುತಿ ಹೇಳಿ ಮುಂದುವರಿಯಬಹುದು. ನಾಲ್ಕನೆಯದಕ್ಕೆ ಕಾಲಿಟ್ಟಿದ್ದರೆ ಮೊದಲೆರಡು ಊಟಗಳಲ್ಲಿ ಮತ್ತೆ ಆರಂಭದಿಂದ ಹೇಳಬೇಕು. ಮೂರನೇ ಊಟದಲ್ಲಾದರೆ ಬೇಡ. ಕಾರಣ ಹಳೆಯ ಲೆಕ್ಕವೇ: ಬ್ರೆಡ್ ಕಡ್ಡಾಯವಾದ ಊಟಕ್ಕೆ ಮಾತ್ರ ಮರುಪಠಣ, ಮೂರನೆಯದಕ್ಕೆ ಬ್ರೆಡ್ ಇಲ್ಲದೆಯೂ ನಡೆಯುತ್ತದೆ ಎನ್ನುವವರಿದ್ದಾರೆ.

ಈ ಮೂರನೇ ಊಟವನ್ನು ಹೊತ್ತು ಮುಳುಗುವ ಮೊದಲು ಆರಂಭಿಸಬೇಕು. ಹಾಡು, ಮಾತು ಬೆಳೆದು ಕತ್ತಲಾದರೂ ರೆತ್ಸೇ ಬಿಡುವಂತಿಲ್ಲ. ಊಟ ಶುರುವಾದ ಹೊತ್ತೇ ಇಲ್ಲಿ ಲೆಕ್ಕ. ರಾತ್ರಿಯ ಪ್ರಾರ್ಥನೆ ಆಗಲೇ ಮುಗಿಸಿದ್ದರೆ ಮಾತ್ರ ಹೇಳುವುದಿಲ್ಲ.