ಅಂಗನವಾಡಿ ಮಗುವಿನ ಕಿವಿ ಮೊದಲು, ಬೆಳವಣಿಗೆ ಆಮೇಲೆ

ಮೂರು ವರ್ಷ ತುಂಬಿದ ಮಗುವಿಗೆ ಮಾತು ಬಂದಿಲ್ಲವೆಂದರೆ ಮೊದಲು ಕಿವಿ ನೋಡಿ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಸಮಾಧಾನದಲ್ಲಿ ವರ್ಷಗಳೇ ಕಳೆದುಹೋಗುತ್ತವೆ. ರಾಯಚೂರು ಜಿಲ್ಲೆಯಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಇಂಥ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಹಾಗಾಗಿ ತಂದೆ–ತಾಯಿಯ ಸಂಬಂಧ ಕೇಳಿ ಬರೆದುಕೊಳ್ಳಿ. ತಾಯಿ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ ಮತ್ತು ತೂಕ ನೋಡಿ. ತೂಕ 1.5 ಕೆಜಿಗಿಂತ ಕಡಿಮೆ ಇತ್ತೇ, ಕಾಮಾಲೆಗೆ ರಕ್ತ ಬದಲಿಸಿದ್ದರೇ, ಮೆದುಳುಜ್ವರ ಬಂದಿತ್ತೇ ಎಂದು ವಿಚಾರಿಸಿ.

ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಮಗು ಗಾಳಿಯ ಅಲೆಗೋ ನೆರಳಿಗೋ ತಿರುಗಿರಬಹುದು. ದಪ್ಪ ಸದ್ದು ಕೇಳುವ ಮಗುವಿಗೆ ಸ, ಶ, ಚ ಕೇಳದೇ ಇರಬಹುದು. ಒಂದು ಕಿವಿ ಪೂರ್ತಿ ಹೋಗಿದ್ದರೂ ಮನೆಯವರಿಗೆ ತಿಳಿಯುವುದಿಲ್ಲ.

ಬಸ್ಸು, ಹಸು, ಚಮಚ, ಸೇಬು, ಮನೆ, ಇಷ್ಟರ ಚಿತ್ರ ಮಗುವಿನ ಮುಂದೆ ಇಡಿ. ಮೊದಲು ಎದುರು ಕೂತು, ಹೆಸರು ಹೇಳಿ ತೋರಿಸಲು ಕಲಿಸಿ. ಅದು ಗಟ್ಟಿಯಾದ ಮೇಲೆ ಮಗುವಿನ ಬೆನ್ನ ಹಿಂದೆ ಒಂದು ತೋಳಿನಷ್ಟು, ಅಂದರೆ ಎರಡು ಅಡಿ ದೂರ ನಿಲ್ಲಿ. ಪರೀಕ್ಷಿಸದ ಇನ್ನೊಂದು ಕಿವಿಯ ತೂತಿನ ಮುಂದಿರುವ ಮೆತ್ತನೆಯ ಪುಟ್ಟ ಉಬ್ಬನ್ನು ತಾಯಿ ಬೆರಳಿನಿಂದ ಮೆಲ್ಲಗೆ ಒತ್ತಿ ಮುಚ್ಚಲಿ. ಉಸಿರು ಪೂರ್ತಿ ಬಿಟ್ಟು, ಪಿಸುದನಿಯಲ್ಲಿ ಒಂದೊಂದೇ ಪದ ಹೇಳಿ. ಕುಕ್ಕರ್, ಫ್ಯಾನ್, ಪಕ್ಕದ ಮಕ್ಕಳ ಗದ್ದಲ ಇರಬಾರದು. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಇದ್ದರೆ ಆ ಭಾಷೆಯ ಪದಗಳನ್ನೇ ಬಳಸಿ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ.

ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಕೇಳುವ ಶಕ್ತಿ ಅಳೆಯುವ ಯಂತ್ರವಾದ ಆಡಿಯೋಮೀಟರ್ ತಂದಿದ್ದರೆ ಪರೀಕ್ಷೆಗೆ ಆಟದ ರೂಪ ಕೊಡಿ: ಸದ್ದು ಕೇಳಿದಾಗ ಮಗು ಡಬ್ಬಿಗೆ ಒಂದು ಬಿಲ್ಲೆ ಹಾಕಬೇಕು. ಮೊದಲು ಜೋರಾಗಿ, 40 ಡೆಸಿಬಲ್‌ನಲ್ಲಿ ಕಲಿಸಿ, ನಂತರ ಮೆಲ್ಲಗೆ, 20 ಡೆಸಿಬಲ್‌ನಲ್ಲಿ 1000, 2000, 4000 ಹರ್ಟ್ಸ್ ಎಂಬ ಮೂರು ಸ್ವರಗಳನ್ನು ಎರಡೂ ಕಿವಿಗೆ ಕೊಡಿ. ಪ್ರತಿ ಸದ್ದಿಗೂ ಮೂರು ಸಲದಲ್ಲಿ ಎರಡು ಸಲವಾದರೂ ಸ್ಪಂದಿಸಬೇಕು. ಒಂದೇ ತಾಳದಲ್ಲಿ ಸದ್ದು ಕೊಡಬೇಡಿ. ಮಗು ತಾಳ ಹಿಡಿದು ಬಿಲ್ಲೆ ಹಾಕುತ್ತದೆ, ಫಲಿತಾಂಶ ಸುಳ್ಳಾಗುತ್ತದೆ. ಯಾವುದಾದರೂ ಒಂದು ಸದ್ದು ತಪ್ಪಿದರೆ ಅದೇ ದಿನ ಮತ್ತೆ ಕಲಿಸಿ ಪರೀಕ್ಷಿಸಿ. ನೆಗಡಿ ಇದ್ದರೆ ಕಿವಿಯೊಳಗೆ ನೀರು ನಿಂತಿರಬಹುದು; ಎರಡು–ಮೂರು ವಾರ ಬಿಟ್ಟು ನೋಡಿ, ಆಗಲೂ ಕೇಳದಿದ್ದರೆ ಕಳಿಸಿ. ಕಿವಿ ಸೋರುತ್ತಿದ್ದರೆ ಪರೀಕ್ಷೆಗೆ ಕಾಯದೆ ವೈದ್ಯರಲ್ಲಿಗೆ ಕಳಿಸಿ. ಕಾಯಿಸಿದ ಎಣ್ಣೆ ಹಾಕುವುದನ್ನೂ ಕಡ್ಡಿ ಆಡಿಸುವುದನ್ನೂ ತಾಯಂದಿರು ಬಿಡಲೇಬೇಕು.

ಕಿವಿ ಸರಿಯೆಂದಾದ ಮೇಲೆ ಬೆಳವಣಿಗೆ. ಮೂರು ವರ್ಷಕ್ಕೆ ಮೂರು ಪದದ ವಾಕ್ಯ, ವೃತ್ತ ನೋಡಿ ಬರೆಯುವುದು. ನಾಲ್ಕಕ್ಕೆ ಕೂಡು ಗುರುತು, ಒಂಟಿ ಕಾಲಲ್ಲಿ ಕುಪ್ಪಳಿಸುವುದು, ಹೊರಗಿನವರಿಗೂ ತಿಳಿಯುವ ಮಾತು. ಐದಕ್ಕೆ ಚೌಕ, ನಡೆದದ್ದನ್ನು ಕ್ರಮವಾಗಿ ಹೇಳುವುದು. ಪೆನ್ಸಿಲ್ ಮುಟ್ಟಿಯೇ ಇಲ್ಲದ ಮಗುವಿಗೆ ಒಂದು ವಾರ ಗೀಚಲು ಬಿಟ್ಟು ಆಮೇಲೆ ನೋಡಿ. ಆದರೆ ಬಂದಿದ್ದ ಮಾತು ನಿಂತುಹೋಗಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ, ಕಣ್ಣಿಟ್ಟು ನೋಡದಿದ್ದರೆ ಆಸ್ಪತ್ರೆಗೆ ಕಳಿಸಲು ಒಂದು ದಿನವೂ ತಡಮಾಡಬೇಡಿ.

ಕಳಿಸುವ ಚೀಟಿಯಲ್ಲಿ ‘ಮಾತು ಕಡಿಮೆ’ ಎಂದಷ್ಟೇ ಬರೆದರೆ ಆಸ್ಪತ್ರೆಯಲ್ಲಿ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಯಾವ ಕಿವಿ, ಯಾವ ಸದ್ದು ತಪ್ಪಿತು, ಯಾವ ದಿನ ಎಂದು ಬರೆಯಿರಿ. ಚೀಟಿ ಕೊಟ್ಟ ಮೇಲೆ ಮನೆಯವರು ಗುಳೆ ಹೋಗುವ ತಿಂಗಳು ಕೇಳಿ, ಅದಕ್ಕೂ ಮೊದಲೇ ಜಿಲ್ಲಾ ಕೇಂದ್ರದ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ) ತೋರಿಸುವ ದಿನ ಗೊತ್ತುಮಾಡಿ. ಹೋಗಿಯೇಬಿಟ್ಟರೆ ಅವರು ಕೆಲಸಕ್ಕೆ ಇಳಿದ ಊರು, ಮೇಸ್ತ್ರಿಯ ಫೋನ್ ನಂಬರ್ ನಿಮ್ಮ ಪುಸ್ತಕದಲ್ಲಿರಲಿ, ಆ ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಲುಪಿಸಿ.